ಹಾಲಿನಿಂದ ಮಾಡಿದ ಚೀಸ್ ಎಲ್ಲವೂ ಸಸ್ಯಾಹಾರವೇ?

ಗೆಳೆಯರೊಂದಿಗೆ ಮನೆ ಹತ್ತಿರದ ಪುಟ್ಟ ಇಟಾಲಿಯನ್ ಹೋಟೆಲಿಗೆ ಹೋಗಿದ್ದೀರಿ. ಮಾಂಸ ತಿನ್ನದ ಗೆಳತಿ ತರಕಾರಿ ಪಾಸ್ತಾ ಹೇಳಿದ್ದಾರೆ. ಮೇಲೆ ಚೀಸ್ ತುರಿದು ಉದುರಿಸುವಾಗ ‘ಹಾಲಿನದ್ದೇ ತಾನೇ, ತಿನ್ನಬಹುದು’ ಎನ್ನುತ್ತೀರಿ. ಈ ಮಾತು ಪೂರ್ತಿ ನಿಜವಲ್ಲ.

ಮೊಸರಿಗೆ ನಾವು ಹೆಪ್ಪು ಹಾಕುತ್ತೇವೆ, ಪನೀರ್‌ಗೆ ನಿಂಬೆರಸ ಹಿಂಡುತ್ತೇವೆ. ಹೆಚ್ಚಿನ ಚೀಸ್‌ಗಳಿಗೆ ಬೇಕಾಗುವುದು ರೆನ್ನೆಟ್. ಅದರಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಹಾಲಿನ ಕೇಸೀನ್ ಎಂಬ ಪ್ರೋಟೀನಿನ ಒಂದು ಭಾಗವನ್ನು ಕತ್ತರಿಸುತ್ತದೆ. ಆಗ ಹಾಲು ಗಟ್ಟಿಯಾಗುತ್ತದೆ. ತಾಯಿಹಾಲು ಕುಡಿಯುವ ಕರುವಿಗೆ ಹಾಲು ಜೀರ್ಣಿಸಿಕೊಳ್ಳಲು ನೆರವಾಗುವುದೂ ಇದೇ ಕಿಣ್ವ. ಹಳೆಯ ಪದ್ಧತಿಯಲ್ಲಿ ರೆನ್ನೆಟ್ ತೆಗೆಯುವುದು ಕೊಂದ ಕರುವಿನ ಹೊಟ್ಟೆಯ ನಾಲ್ಕನೇ ಕೋಣೆಯಿಂದ.

ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು, ಉಪ್ಪು, ಕರುವಿನ ರೆನ್ನೆಟ್ ಇಷ್ಟನ್ನೇ ಬಳಸಬೇಕೆಂಬ ನಿಯಮವಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನ್ನೆಟ್ ಬಳಸುತ್ತಾರೆ. ತುಳಸಿಯ ಜಾತಿಯ ಬೇಸಿಲ್ ಸೊಪ್ಪಿನಿಂದ ಮಾಡುವ ಹಸಿರು ಪೆಸ್ಟೊದಲ್ಲೂ ಸಾಮಾನ್ಯವಾಗಿ ಇಂಥ ಚೀಸ್ ಸೇರಿರುತ್ತದೆ.

ಹಾಗೆಂದು ಚೀಸನ್ನೇ ಬಿಡಬೇಕಾಗಿಲ್ಲ. ಶಿಲೀಂಧ್ರಗಳಿಂದ ಪಡೆದ ರೆನ್ನೆಟ್ ಇದೆ. ಕರುವಿನ ಕೈಮೋಸಿನ್ ವಂಶವಾಹಿಯನ್ನು ಸೂಕ್ಷ್ಮಜೀವಿಗಳಿಗೆ ಸೇರಿಸಿ ಅದೇ ಕಿಣ್ವವನ್ನು ತಯಾರಿಸುವ ವಿಧಾನಕ್ಕೆ ಅಮೆರಿಕ 1990ರಲ್ಲೇ ಒಪ್ಪಿಗೆ ನೀಡಿತು. ಇಂಥ ರೆನ್ನೆಟ್‌ಗಾಗಿ ಕರುವನ್ನು ಕೊಲ್ಲಬೇಕಿಲ್ಲ. ಭಾರತದಲ್ಲಿ ಸಿಗುವ ಹಲವು ಚೀಸ್‌ಗಳ ಪೊಟ್ಟಣದ ಮೇಲೆ ‘ಮೈಕ್ರೋಬಿಯಲ್ ರೆನ್ನೆಟ್’ ಎಂದು ಬರೆದಿರುತ್ತದೆ.

ರುಚಿ ನೋಡಿ ಈ ವ್ಯತ್ಯಾಸ ಹೇಳಲಾಗದು. ಹಾಗಾಗಿ ‘ಯಾವ ರೆನ್ನೆಟ್? ಪೊಟ್ಟಣ ತೋರಿಸ್ತೀರಾ?’ ಎಂದು ಹೋಟೆಲಿನವರನ್ನೇ ಕೇಳಿ. ಗೆಳತಿ ಏನು ತಿನ್ನಬೇಕೆಂಬುದನ್ನು ಅವರೇ ತೀರ್ಮಾನಿಸಲಿ.