ಗಾಂಧಿ ಚೌಕದಾಗ ಒಂದ್ ಗ್ಲಾಸ್ ನೀರು

ಏಪ್ರಿಲ್ ಸಂಜೆ. ಹೊತ್ತು ಇಳಿದರೂ ವಿಜಯಪುರದ ಗಾಂಧಿ ಚೌಕದ ಡಾಂಬರು ಕಾವು ಬಿಟ್ಟಿಲ್ಲ. ಸಿದ್ಧೇಶ್ವರ ಗುಡಿ ಕಡೆಯಿಂದ ಬಂದ ಮಂದಿ, ತಿಕೋಟಾಕ್ಕೆ ಹೊರಟವರ ಗಡಿಬಿಡಿ, ಟಂಟಂಗಳ ಹಾರ್ನು. ಒಂದು ಕಡೆ ಕಡಾಯಿಯಲ್ಲಿ ಮಿರ್ಚಿ ಭಜಿ ಚುಂಯ್ ಎನ್ನುತ್ತಿದ್ದರೆ ಪಕ್ಕದಲ್ಲೇ ಕಬ್ಬಿನ ಹಾಲಿನ ಗಾಣ ಗಿರಗಿರ ತಿರುಗುತ್ತಿದೆ.

“ಬರ್ರಿ ಕಾಕಾ, ಥಂಡಗ ಒಂದ್ ಗ್ಲಾಸ್ ಕುಡೀರಿ.”

“ಬ್ಯಾಡೋ ತಮ್ಮಾ, ಇವತ್ತಿನ ನೀರಿನ ಲೆಕ್ಕ ಮುಗದೈತಿ.”

ಬಬಲೇಶ್ವರ ಕಡೆಯ ಆ ಹಿರಿಯರ ಅಂಗಿಯೊಳಗೆ, ಹೊಕ್ಕಳದ ಪಕ್ಕದಲ್ಲಿ, ಮೆತ್ತನೆಯ ಒಂದು ನಳಿಗೆ ಇದೆ. ಅವರದು ಹೊಟ್ಟೆ ಡಯಾಲಿಸಿಸ್; ದವಾಖಾನೆ ಭಾಷೆಯಲ್ಲಿ ಪೆರಿಟೋನಿಯಲ್ ಡಯಾಲಿಸಿಸ್. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ಸುಮಾರು ಎರಡು ಲೀಟರಿನ ದ್ರಾವಣ ಹೊಟ್ಟೆಗೆ ಇಳಿಯುತ್ತದೆ, ಕೆಲವು ತಾಸು ನಿಂತು ಹೊರಗೆ ಬರುತ್ತದೆ. ದ್ರಾವಣದಲ್ಲಿರುವ ಗ್ಲೂಕೋಸ್ ಮೈಯ ಹೆಚ್ಚಿನ ನೀರನ್ನು ಎಳೆದುಕೊಳ್ಳುತ್ತದೆ. ಮನೆಯ ಗೋಡೆಯ ಮೊಳೆಗೆ ತಕ್ಕಡಿ ಕೊಕ್ಕೆ. ಹೊರಬಂದ ಬ್ಯಾಗನ್ನು ಅದಕ್ಕೆ ತೂಗುಹಾಕಿ ನೋಡಬೇಕು: 2,000 ಮಿಲಿ ಒಳಗೆ ಹೋಗಿ 2,250 ಹೊರಗೆ ಬಂತೋ, 250 ಮಿಲಿ ನೀರು ಇಳಿದಂತೆ. ತಿಳಿಹಳದಿ ಬಣ್ಣದ ನೀರು ಸ್ವಚ್ಛ ಇದ್ದರೆ ನೆಮ್ಮದಿ. ರಾಡಿಯಾಗಿದ್ದರೆ ಸೋಂಕಿನ ಸುಳಿವು, ತಡಮಾಡದೆ ಡಾಕ್ಟರ ಕಡೆ ಓಡಬೇಕು. ಬೆಳಗಿನ ತೂಕ, ಬಿ.ಪಿ., ಕಾಲಿನ ಬಾವು, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು.

ಬ್ಯಾಗಿನ ಲೆಕ್ಕ ಎಲ್ಲರೂ ಬರೆಯುತ್ತಾರೆ. ಉಚ್ಚಿಯ ಲೆಕ್ಕ ಬರೆಯುವವರು ಕಡಿಮೆ. ನನ್ನ ಮಟ್ಟಿಗೆ ಆ ಪುಸ್ತಕದಲ್ಲಿ ಅದೇ ಮುಖ್ಯ ಸಾಲು. ಕಿಡ್ನಿ ಪೂರ್ತಿ ಹೋಯಿತೆಂದು ನಾವು ಕೈಚೆಲ್ಲಿದರೂ ಡಯಾಲಿಸಿಸ್ ಶುರುವಾದ ಬಹಳ ಮಂದಿಯಲ್ಲಿ ಅದರ ಅಷ್ಟಿಷ್ಟು ಕಸುವು ಉಳಿದೇ ಇರುತ್ತದೆ. ಕೆನಡಾ, ಅಮೆರಿಕದ ರೋಗಿಗಳ ಮೇಲೆ ನಡೆದ ಕಾನುಸಾ ಅಧ್ಯಯನದ ಅಂಕಿಗಳನ್ನು 2001ರಲ್ಲಿ ಮತ್ತೆ ತಿರುವಿ ನೋಡಿದಾಗ, ದಿನದ ಮೂತ್ರ 250 ಮಿಲಿ ಹೆಚ್ಚಿದ್ದವರಲ್ಲಿ ಸಾವಿನ ಅಪಾಯ 36% ಕಡಿಮೆ ಕಂಡಿತ್ತು. 250 ಮಿಲಿ ಎಂದರೆ ಆ ಕಬ್ಬಿನ ಹಾಲಿನ ಒಂದು ದೊಡ್ಡ ಗ್ಲಾಸು, ಅಷ್ಟೇ.

ನಮ್ಮ ಕಡೆ ಈ ನೀರಿನ ಲೆಕ್ಕ ಕಾಯುವುದು ಸಲೀಸಲ್ಲ. ಖಡಕ್ ರೊಟ್ಟಿ ಜೊತೆ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಮೇಲೆ ಈ ಭಜಿ. ನೀರಡಿಕೆಯನ್ನು ಬೈಯುತ್ತೇವೆ, ಅದನ್ನು ಹುಟ್ಟಿಸುವುದು ಉಪ್ಪು. ಉಪ್ಪು ಹಿಡಿತದಲ್ಲಿದ್ದರೆ ನೀರು ತಾನೇ ಹಿಡಿತಕ್ಕೆ ಬರುತ್ತದೆ. ಅದು ಬಿಟ್ಟು, ಬಾವು ಬಂದಾಗಲೆಲ್ಲ ಗ್ಲೂಕೋಸಿನ 1.5% ಬ್ಯಾಗು ಬದಲಿಗೆ 2.5%, 4.25% ಎಂದು ಏರಿಸುತ್ತ ಹೋದರೆ ಮೈಗೆ ಸಕ್ಕರೆ ಸೇರುತ್ತದೆ, ಹೊಟ್ಟೆಯ ಪೊರೆಯೂ ವರ್ಷಗಳಲ್ಲಿ ಸೊರಗುತ್ತದೆ.

ಬಿಸಿಲಿನದು ಮತ್ತೊಂದೇ ಕಥೆ. ನಲವತ್ತು ಡಿಗ್ರಿ ದಾಟಿದ ದಿನ ಬೆವರಿನಲ್ಲೇ ನೀರು ಹೋಗುತ್ತದೆ. ಜೊತೆಗೆ ವಾಂತಿ, ಭೇದಿ ಹತ್ತಿದರೆ, ಮೇಲಿಂದ ಖಡಕ್ ಬ್ಯಾಗು ಹಾಕಿದರೆ ಬಿ.ಪಿ. ಕುಸಿದು, ಉಳಿದ ಆ ಚೂರು ಕಿಡ್ನಿಯೂ ಒಣಗುತ್ತದೆ. ತುಂಬಿದರೂ ಕಷ್ಟ, ಬತ್ತಿದರೂ ಕಷ್ಟ. ಹಾಗಾಗಿ ಚಳಿಗಾಲದ ಲೆಕ್ಕವನ್ನೇ ಬೇಸಿಗೆಗೆ ಹಚ್ಚಬಾರದು. ತೂಕ ಏಕಾಏಕಿ ಇಳಿದರೂ ಡಾಕ್ಟರನ್ನು ಕೇಳಬೇಕು.

ಕಾಕಾ ಈಗ ಮೆಡಿಕಲ್ ಅಂಗಡಿ ಮುಂದೆ ನಿಂತಿದ್ದಾರೆ. ಮೊಣಕಾಲು ನೋವು. ಯಾರೋ ಹೇಳಿದ ನೋವಿನ ಗುಳಿಗೆ ಕೇಳಲು ಬಾಯಿ ತೆರೆದವರು, ತಡೆದು, ಕಿಸೆಯಿಂದ ಡಾಕ್ಟರ ಚೀಟಿ ತೆಗೆದರು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಗುಳಿಗೆಗಳು ಉಳಿದ ಕಿಡ್ನಿಗೆ ಪೆಟ್ಟು ಕೊಡುತ್ತವೆ; ಕೆಲವು ಆ್ಯಂಟಿಬಯಾಟಿಕ್ ಇಂಜೆಕ್ಷನ್, ಸ್ಕ್ಯಾನ್‌ಗೆ ಕೊಡುವ ಬಣ್ಣದ ಔಷಧಿಗೂ ಅದೇ ಎಚ್ಚರ ಬೇಕು.

ನಿಮ್ಮ ಮನೆಯಲ್ಲಿ ಹೊಟ್ಟೆ ಡಯಾಲಿಸಿಸ್ ಮೇಲಿರುವವರು ಇದ್ದರೆ, ಅಂಗಡಿಯಲ್ಲಿ ಯಾವ ಗುಳಿಗೆ ಕೊಳ್ಳುವ ಮೊದಲೂ ಆ ಮಾತು ಹೇಳಿರಿ. ಮುಂದಿನ ಸಲ ಡಾಕ್ಟರ ಕಡೆ ಹೋಗುವಾಗ ಇಪ್ಪತ್ನಾಲ್ಕು ತಾಸಿನ ಮೂತ್ರ ಅಳೆದು, ಆ ಅಂಕಿಯನ್ನೂ ಬರೆದುಕೊಂಡು ಹೋಗಿರಿ.