ಆ ರಾತ್ರಿ ಅವರಿಗೂ ದಿಗಿಲಾಗಿತ್ತು

ಸಾವಿಗೆ ಹೆದರಿದರೆ ವಿಶ್ವಾಸ ಸಾಲದು ಅಂತಾರೆ ಕೆಲವರು. ಹಾಗಾದರೆ ಗೆತ್ಸೆಮನೆಗೆ ಬನ್ನಿ.

ಜೆರುಸಲೇಮಿನ ಎದುರು, ಕಿದ್ರೋನ್ ಹಳ್ಳದ ಆಚೆ, ಎಣ್ಣೆಮರಗಳ ಗುಡ್ಡದ ಬುಡ. ಗೆತ್ಸೆಮನೆ ಅಂದರೆ ಎಣ್ಣೆ ಗಾಣ. ಇಲ್ಲಿ ಎಂಟು ಹಳೇ ಆಲಿವ್ ಮರಗಳಿವೆ. ಕಾಂಡವೆಲ್ಲ ಗಂಟುಗಂಟು, ಒಳಗೆ ಪೊಟರೆ, ಮೇಲೆ ಮಾತ್ರ ಇನ್ನೂ ಚಿಗುರು.

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುಸ್ವಾಮಿ ಇಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದರು. ಮಾರ್ಕನ ಸುವಾರ್ತೆ ಏನನ್ನೂ ಮುಚ್ಚಿಡೋದಿಲ್ಲ: ಅವರಿಗೆ ದಿಗಿಲಾಯಿತು, ಸಂಕಟವಾಯಿತು. ಈ ಗಳಿಗೆ ತಪ್ಪಿಹೋಗಲಿ ಅಂತ ಬೇಡಿಕೊಂಡರು. ಆಮೇಲೆ ತಂದೆಯ ಚಿತ್ತಕ್ಕೇ ತಮ್ಮನ್ನು ಒಪ್ಪಿಸಿಬಿಟ್ಟರು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಅಂತ ಬರೆದವನು ಲೂಕ.

ನನ್ನನ್ನು ಹೆಚ್ಚು ಕಾಡೋದು ಇನ್ನೊಂದು. ಜೊತೆಗೆ ಎಚ್ಚರವಾಗಿರಿ ಅಂತ ಅವರು ಮೂವರು ಶಿಷ್ಯರನ್ನು ಕೇಳಿದ್ದರು. ಬಂದು ನೋಡಿದರೆ ಮೂವರಿಗೂ ನಿದ್ದೆ. ಒಂದಲ್ಲ, ಮೂರು ಸಲ. ಆಸ್ಪತ್ರೆಯ ಹಾಸಿಗೆ ಪಕ್ಕ ರಾತ್ರಿ ಕಳೆದವರಿಗೆ ಇದು ಗೊತ್ತು: ಹೆದರಿದ ಜೀವ, ಯಾರಾದರೂ ಕೈ ಹಿಡಿದು ಎದ್ದಿರಲಿ ಅಂತಷ್ಟೇ ಕೇಳುತ್ತೆ.

ಕೊನೆಗೆ ಯೇಸುಸ್ವಾಮಿಯೇ ಎದ್ದು, ಹಿಡಿಯಲು ಬಂದವರ ಎದುರಿಗೆ ನಡೆದರು.

1924ರಲ್ಲಿ ಇಲ್ಲಿ ಕಟ್ಟಿ ಮುಗಿಸಿದ ಚರ್ಚಿನೊಳಗೆ ಹಗಲಲ್ಲೂ ಮಬ್ಬು. ವಾಸ್ತುಶಿಲ್ಪಿ ಬಾರ್ಲುಟ್ಸಿ ಕಿಟಕಿಗಳಿಗೆ ನೇರಳೆ ಛಾಯೆಯ ಅಲಬಾಸ್ಟರ್ ಕಲ್ಲು ಕೂರಿಸಿ, ಆ ರಾತ್ರಿಯನ್ನೇ ಒಳಗೆ ಉಳಿಸಿದ್ದಾರೆ. ಬಲಿಪೀಠದ ಮುಂದೆ ಬರಿಯ ಬಂಡೆ. ಸುತ್ತ ಮುಳ್ಳಿನ ಕಿರೀಟದಂಥ ಕಬ್ಬಿಣದ ಬೇಲಿ. ಯೇಸು ಪ್ರಾರ್ಥಿಸಿದ್ದು ಇದೇ ಬಂಡೆಯ ಮೇಲೆ ಅನ್ನೋದು ನಂಬಿಕೆ. ಬಂದವರು ಮೊಣಕಾಲೂರಿ, ಬೇಲಿಯಾಚೆ ಕೈ ಚಾಚಿ, ಅಂಗೈಯನ್ನು ಆ ತಣ್ಣನೆ ಕಲ್ಲಿನ ಮೇಲಿಡುತ್ತಾರೆ.