ಬದು ತೋಡುವ ಹೆಗ್ಗಣ: ಅದರ ಬಾಳುವೆ, ನಮ್ಮ ಹೊಣೆ

ನೆಲದೊಳಗೆ ಸುರಂಗ ತೋಡಿ ಬಾಳುವ 'ಮೋಲ್' ನಮ್ಮ ತೋಟಗಳಲ್ಲಿಯೂ ಇದೆಯೆಂದು ಕೆಲವು ಸದಸ್ಯರು ತಿಳಿದಿರುವುದುಂಟು. ನಿಜವಾದ ಮೋಲ್ ಸುಂಡಿಲಿಯ ದೂರದ ಬಂಧು. ಎರೆಹುಳು, ಕೀಟಗಳೇ ಅದರ ಆಹಾರ. ಭಾರತದಲ್ಲಿ ಅದು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿದೆ, ದಕ್ಷಿಣದಲ್ಲಿಲ್ಲ. ನಮ್ಮ ಬದುಗಳನ್ನು ತೋಡುವುದು ಸಣ್ಣ ಹೆಗ್ಗಣ. ಇಂಗ್ಲಿಷಿನಲ್ಲಿ ಇದಕ್ಕೆ 'ಮೋಲ್ ರ‍್ಯಾಟ್' ಎಂಬ ಹೆಸರೂ ಇರುವುದರಿಂದ ಈ ಗೊಂದಲ. ಇದರ ಶಾಸ್ತ್ರೀಯ ನಾಮ ಬ್ಯಾಂಡಿಕೋಟ ಬೆಂಗಾಲೆನ್ಸಿಸ್.

ತೇವವಿರುವ ಮೆದು ಮಣ್ಣು ಇದಕ್ಕೆ ಪ್ರಿಯ. ಗದ್ದೆಯ ಬದು, ಕಾಲುವೆಯ ದಂಡೆ, ಕಣದ ಸುತ್ತಮುತ್ತ ಬಿಲ ಮಾಡುತ್ತದೆ. ಚೆನ್ನಾಗಿ ಈಜಬಲ್ಲುದು. ರಾತ್ರಿ ಸಂಚರಿಸಿ, ಹಗಲು ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಂಡಿರುತ್ತದೆ. ಸಾಮಾನ್ಯವಾಗಿ ಬಿಲಕ್ಕೊಂದೇ ಹೆಗ್ಗಣ, ಇಲ್ಲವೆ ತಾಯಿ ಮತ್ತು ಮರಿಗಳು. ಕುಯ್ಲಿನ ಕಾಲದಲ್ಲಿ ತೆನೆಗಳನ್ನು ಕಡಿದೊಯ್ದು ಒಳಗಿನ ಕೋಣೆಗಳಲ್ಲಿ ಕೂಡಿಡುತ್ತದೆ. ಗರ್ಭಕಾಲ ಸುಮಾರು 3 ವಾರಗಳಷ್ಟೇ. ಆಹಾರ ಸಮೃದ್ಧವಾಗಿದ್ದರೆ ಸಂತತಿ ಬಲುಬೇಗ ಬೆಳೆಯುತ್ತದೆ.

ಬೆಳೆನಷ್ಟಕ್ಕಿಂತಲೂ ದೊಡ್ಡ ಅಪಾಯ ಇಲಿ ಜ್ವರ. ಹೆಗ್ಗಣದ ಮೂತ್ರದಿಂದ ಬಂದ ರೋಗಾಣುಗಳು ನಿಂತ ನೀರಿನಲ್ಲಿಯೂ ಹಸಿ ಮಣ್ಣಿನಲ್ಲಿಯೂ ಉಳಿದು, ಕಾಲಿನ ಗಾಯಗಳ ಮೂಲಕ ದೇಹ ಸೇರುತ್ತವೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಬಸಿಗಾಲುವೆಗೆ ಇಳಿಯುವ ನಮ್ಮ ಕೆಲಸಗಾರರಿಗೆ ಬೂಟು ಒದಗಿಸುವುದು ತೋಟದವರ ಕರ್ತವ್ಯ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು.

ಹತೋಟಿಗೆ ಮೊದಲು, ಸಂಜೆ ಬಿಲಗಳನ್ನೆಲ್ಲ ಮುಚ್ಚಿಸಿರಿ. ಬೆಳಿಗ್ಗೆ ಹೊಸ ಮಣ್ಣು ಬಿದ್ದಿರುವ ಬಿಲಗಳೇ ವಾಸದ ಬಿಲಗಳು. ಔಷಧಿ, ಆಳು ಎರಡೂ ಅಲ್ಲಿಗೆ ಸಾಕು. ಸತುವಿನ ಫಾಸ್ಫೈಡ್ ಬಳಸುವುದಾದರೆ ಮುಂಚೆ 2–3 ದಿನ ವಿಷವಿಲ್ಲದ ತಿನಿಸಿಟ್ಟು ರುಚಿ ಹತ್ತಿಸಬೇಕು. ಅರೆಬರೆ ವಿಷ ತಿಂದು ಬದುಕುಳಿದದ್ದು ಮತ್ತೆ ಆ ತಿನಿಸನ್ನು ಮುಟ್ಟದು. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ. ಮಕ್ಕಳು, ನಾಯಿ, ಕೋಳಿಗಳಿಗೆ ಸಿಗದಂತೆ ಬಿಲದೊಳಗೇ ಇಡತಕ್ಕದ್ದು. ಕೇರೆಹಾವು, ಗೂಬೆಗಳು ಕೂಲಿಯಿಲ್ಲದ ಕಾವಲುಗಾರರು. ಅವನ್ನು ಕೊಲ್ಲಬೇಡಿರಿ.

ಒಬ್ಬರೇ ಬಿಲ ಬರಿದು ಮಾಡಿದರೆ ಪಕ್ಕದ ಗದ್ದೆಯ ಹೆಗ್ಗಣ ಅಲ್ಲಿಗೆ ಸೇರಿಕೊಳ್ಳುತ್ತದೆ. ಆದುದರಿಂದ ಒಂದು ಬಯಲಿನ ಸದಸ್ಯರೆಲ್ಲ ಬೆಳೆ ಹೊಡೆಬಿಡುವ ಮೊದಲೇ ಒಂದೇ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಬೇಕೆಂದು ನಾವು ಕೋರುತ್ತೇವೆ.